ಸೂರಕ್ಕಿಯೂ ನಮ್ಮ ಜಗಲಿಯೂ

ಹಮ್ಮಿಂಗ್ ಹಕ್ಕಿಯ ಚಿತ್ರವನ್ನು ಪುಸ್ತಕದಲ್ಲಿ ನೋಡಿ, ಅಂಥದೊಂದು ನಮ್ಮ ಅಂಗಳಕ್ಕೂ ಬರಬಾರದೇ ಎಂದು ಕೇಳುವ ಬಾಲಿಕೆಯರು ಪ್ರತಿಯೊಂದು ತರಗತಿಯಲ್ಲಿಯೂ ಇರುವರು. ಆ ಹಕ್ಕಿಯು ಉತ್ತರ, ದಕ್ಷಿಣ ಅಮೆರಿಕಗಳಲ್ಲಿಯೂ ಅವುಗಳ ನೆರೆಯ ದ್ವೀಪಗಳಲ್ಲಿಯೂ ಅಲ್ಲದೆ ಬೇರೆಲ್ಲಿಯೂ ವಾಸಿಸುವುದಿಲ್ಲ. ಆದರೆ ಹೂವಿನ ಮಧುವನ್ನು ಹೀರುವ ಸೂರಕ್ಕಿಯು ಕನ್ನಡ ನಾಡಿನಲ್ಲಿ ಧಾರಾಳವಾಗಿ ಉಂಟು. ಇವೆರಡೂ ಹತ್ತಿರದ ಬಂಧುಗಳಲ್ಲ. ಕಸುಬು ಒಂದೇ ಆದುದರಿಂದ ಕೊಕ್ಕಿನ ಆಕಾರವೂ ಹೋಲಿತು. ಹಮ್ಮಿಂಗ್ ಹಕ್ಕಿಯು ಗಾಳಿಯಲ್ಲಿ ನಿಂತಂತೆ ರೆಕ್ಕೆ ಬಡಿಯುತ್ತಲೇ ಉಣ್ಣುವುದು. ಸೂರಕ್ಕಿಯಾದರೋ ಕ್ಷಣಕಾಲ ಹಾಗೆ ಮಾಡಬಲ್ಲುದಾದರೂ ಸಾಮಾನ್ಯವಾಗಿ ರೆಂಬೆಯ ಮೇಲೆ ಕುಳಿತೇ ಉಣ್ಣುವುದು. ಆದಕಾರಣ ಹೂಗಿಡಗಳನ್ನು ತೀರ ಬೋಳಾಗಿ ಕತ್ತರಿಸಬಾರದು.

ದಾಸವಾಳ, ಕೇಪಳ, ಬಾಳೆ ಇವಿಷ್ಟಿದ್ದರೆ ಸಾಕು. ಸ್ಥಳವಿದ್ದವರು ಬೇಲಿಯಲ್ಲಿ ಒಂದು ಹಾಲವಾಣವನ್ನು ನೆಡಲಿ. ದಾಸವಾಳದಲ್ಲಿ ಒಂಟಿ ಸುತ್ತಿನ ಎಸಳಿನದೇ ಲೇಸು. ಕೆಲವು ಸಲ ಈ ಜಾಣ ಹಕ್ಕಿಯು ಹೂವಿನ ಬುಡವನ್ನೇ ಚುಚ್ಚಿ ಮಧುವನ್ನು ಕದಿಯುವುದುಂಟು. ಅಷ್ಟಕ್ಕಾಗಿ ಅದನ್ನು ಅಟ್ಟಬೇಡಿರಿ.

ಅಮೆರಿಕದವರು ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರಸಿ ಹಮ್ಮಿಂಗ್ ಹಕ್ಕಿಗಳಿಗೆ ತೂಗಹಾಕುವರು. ಅಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅದಕ್ಕೆ ಜೇನನ್ನಾಗಲಿ ಬಣ್ಣವನ್ನಾಗಲಿ ಸೇರಿಸದೆ, ಪಾತ್ರೆಯನ್ನು ತಪ್ಪದೆ ತೊಳೆಯುತ್ತಿರತಕ್ಕದ್ದು. ನಮ್ಮ ಸೆಕೆಯಲ್ಲಿ ಸಕ್ಕರೆನೀರು ಬೇಗನೆ ಹುಳಿಯುವುದು, ಇರುವೆಗಳೂ ಮುತ್ತುವುವು. ಹೂವಿರುವಲ್ಲಿ ಅದರ ಗೊಡವೆಯೇ ಬೇಡ.

ಮಧುವೊಂದರಿಂದಲೇ ಮರಿಗಳು ಬೆಳೆಯವು. ತಾಯಿತಂದೆಗಳು ಜೇಡಗಳನ್ನೂ ಸಣ್ಣ ಹುಳುಗಳನ್ನೂ ಹಿಡಿದು ತಂದು ಉಣಿಸುವುವು. ಗಿಡಗಳಿಗೆ ಕೀಟನಾಶಕ ಸಿಂಪಡಿಸುವ ಮನೆಯಲ್ಲಿ ಆ ಆಹಾರವೇ ನಾಶವಾಗುವುದು, ಉಳಿದುದು ವಿಷವಾಗುವುದು.

ಇನ್ನು ಮುಖ್ಯವಾದ ಸಂಗತಿ. ಸೂರಕ್ಕಿಯು ಮನುಷ್ಯರಿಗೆ ಅಷ್ಟಾಗಿ ಅಂಜದೆ ಜಗಲಿಯ ತಂತಿಗೋ ಬಳ್ಳಿಗೋ ಗೂಡನ್ನು ತೂಗಬಿಡುವುದು. ನಾರು, ಒಣಗಿದ ಎಲೆ, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ ಇವುಗಳನ್ನು ಜೇಡರಬಲೆಯಿಂದ ಬಿಗಿದ ಪುಟ್ಟ ಚೀಲವದು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಒಂದು ಸಣ್ಣ ಮಾಡು. ನೋಡುವವರಿಗೆ ಮಾತ್ರ ಕಸ ಸಿಕ್ಕಿಕೊಂಡ ಬಲೆಯಂತೆಯೇ ತೋರುವುದು. ಹಬ್ಬಕ್ಕೆಂದು ಸುಣ್ಣ ಬಳಿಯಿಸುವಾಗ, ಬಲೆ ತೆಗೆಯುವ ಕೋಲಿನ ಒಂದೇ ಹೊಡೆತಕ್ಕೆ ಮೊಟ್ಟೆಗಳೆರಡೂ ನೆಲಕ್ಕೆ ಬೀಳುವುವು. ಮನೆಯಲ್ಲಿ ಕೆಲಸಮಾಡುವವರಿಗೆ ಗೂಡನ್ನು ಮೊದಲೇ ತೋರಿಸಿಡುವುದು ಯಜಮಾನಿಯ ಹೊಣೆ. ಆಮೇಲೆ ಗದರಿಸಿ ಪ್ರಯೋಜನವೇನು?

ಮೊಟ್ಟೆಯಿಟ್ಟಂದಿನಿಂದ ಮರಿಗಳು ಹಾರಿಹೋಗುವ ತನಕ ಸುಮಾರು ಒಂದು ತಿಂಗಳು. ಅಷ್ಟು ಕಾಲ ಬೆಕ್ಕು ಏರಬಹುದಾದ ಮೇಜು ಕುರ್ಚಿಗಳನ್ನು ಗೂಡಿನ ಕೆಳಗಿನಿಂದ ಸರಿಸಿರಿ. ಮಕ್ಕಳು ದೂರದಿಂದ ನೋಡಲಿ, ಬೆರಳು ಹಾಕದಿರಲಿ. ಗಂಡುಹಕ್ಕಿಯು ಕನ್ನಡಿಯೊಳಗಿನ ತನ್ನ ಪ್ರತಿಬಿಂಬವನ್ನು ಶತ್ರುವೆಂದೆಣಿಸಿ ಕುಕ್ಕಿ ಕುಕ್ಕಿ ಬಳಲುವುದುಂಟು; ಜಗಲಿಯ ಕನ್ನಡಿಗೆ ಒಂದು ಬಟ್ಟೆ ಹೊದಿಸಿರಿ. ಮರಿಗಳು ಹೋದ ಬಳಿಕವೂ ಗೂಡನ್ನು ಕೂಡಲೇ ಕೀಳಬೇಡಿರಿ. ಅದೇ ಗೂಡಿನಲ್ಲಿ ಇನ್ನೊಮ್ಮೆ ಮೊಟ್ಟೆಯಿಡುವುದೂ ಉಂಟು.