ಕಪಿಯೂಥದ ಎರಡು ಲೆಕ್ಕ

ವರ್ಗಸಮೀಕರಣವನ್ನು ಅಪವರ್ತಿಸಿ ಬಿಡಿಸಿದಾಗ ಉತ್ತರಗಳು ಎರಡು ಬರುತ್ತವೆ, ಋಣವಾದುದನ್ನು ಹೊಡೆದುಹಾಕು ಎನ್ನುತ್ತಾರೆ. ಬೇಡದ ಉತ್ತರವನ್ನೂ ತಂದೊಡ್ಡುವ ವಿಧಾನವನ್ನು ನಂಬುವುದೆಂತು ಎಂದು ಕೋಪರಖೈರಣೆಯ ಕನ್ನಡ ಮನೆಯೊಂದರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಎಂಥ ಸೊಗಸಾದ ಪ್ರಶ್ನೆ! ಅವಳ ಊರಿನ ಪೂರ್ವಕ್ಕೆ, ಪಾರಸಿಕ್ ಗುಡ್ಡಗಳಾಚೆ ತಲೆಯೆತ್ತುವ ಸಹ್ಯಾದ್ರಿಯ ಆಶ್ರಯದಲ್ಲಿ ತನ್ನ ಊರಿತ್ತೆಂದು ಹೇಳಿಕೊಂಡಿರುವ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಬೀಜಗಣಿತ’ದಲ್ಲಿಯೇ ಇದಕ್ಕೆ ಸಮಾಧಾನವಿದೆ.

ಅದರಲ್ಲಿನ ಒಂದು ಲೆಕ್ಕ ಹೀಗಿದೆ: ಕಪಿಗಳ ಹಿಂಡೊಂದರ ಎಂಟನೆಯ ಒಂದಂಶದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಗುಡ್ಡದ ಮೇಲೆ ಕಿರಿಚಾಡುತ್ತಿವೆ, ಒಟ್ಟು ಎಷ್ಟು? ಆಚಾರ್ಯನಂತೆಯೇ ಅಜ್ಞಾತರಾಶಿಯನ್ನು ‘ಯಾ’ ಎಂದು ಕರೆದು, ಭಿನ್ನರಾಶಿಯನ್ನು ನೀಗಿಸಿ, ಎಲ್ಲವನ್ನೂ ಒಂದೇ ಕಡೆಗೆ ತಂದರೆ ಯಾ² − 64ಯಾ + 768 = 0. ಕೂಡಿದರೆ 64, ಗುಣಿಸಿದರೆ 768 ಆಗುವ ಸಂಖ್ಯೆಗಳು 48 ಮತ್ತು 16; ಆದ್ದರಿಂದ (ಯಾ − 48)(ಯಾ − 16) = 0. ನಲವತ್ತೆಂಟರ ಎಂಟನೆಯ ಅಂಶ ಆರು, ಅದರ ವರ್ಗ ಮೂವತ್ತಾರು, ಹನ್ನೆರಡು ಕೂಡಲು ನಲವತ್ತೆಂಟು. ಹದಿನಾರರ ಎಂಟನೆಯ ಅಂಶ ಎರಡು, ವರ್ಗ ನಾಲ್ಕು, ಹನ್ನೆರಡು ಕೂಡಲು ಹದಿನಾರು. ಎರಡೂ ದಿಟ, ಆಚಾರ್ಯನು ಎರಡನ್ನೂ ಅಂಗೀಕರಿಸಿದನು.

ಅಪವರ್ತನದ ಬಲವೆಲ್ಲ ಬಲಗಡೆಯ ಸೊನ್ನೆಯಲ್ಲಿದೆ. ಗುಣಲಬ್ಧ ಎಂಟಾದರೆ ಆ ಸಂಖ್ಯೆಗಳು ಎರಡು-ನಾಲ್ಕಾಗಿರಬಹುದು, ಅರ್ಧ-ಹದಿನಾರಾಗಿರಬಹುದು, ಕೊನೆಯೇ ಇಲ್ಲ; ಸೊನ್ನೆಯಾದರೆ ಮಾತ್ರ ಒಂದಾದರೂ ಸೊನ್ನೆಯಾಗಿರಲೇಬೇಕು. ಇದನ್ನರಿಯದೆ (ಯಾ − 3)(ಯಾ − 5) = 8 ಎಂಬಲ್ಲಿ ಒಂದೊಂದನ್ನೂ ಎಂಟಕ್ಕೆ ಸಮೀಕರಿಸಿ 11, 13 ಎಂದು ಬರೆದುಬಿಡುವ ಮಕ್ಕಳನ್ನು ಬಹಳ ಕಂಡಿದ್ದೇನೆ; ಎಂಟನ್ನು ಎಡಕ್ಕೆ ತಂದು ನೋಡಿದರೆ ಉತ್ತರ 1 ಮತ್ತು 7.

ಸಕಲವೂ ನಮ್ಮಲ್ಲಿಯೇ ಇತ್ತೆಂದು ಬೀಗುವವರು ಗಮನಿಸಬೇಕು: ಭಾಸ್ಕರನು ಬಿಡಿಸಿದ್ದು ಅವನಿಗಿಂತ ಹಿಂದಿನ ಗಣಿತಜ್ಞ ಶ್ರೀಧರನ ಕ್ರಮದಂತೆ, ವರ್ಗವನ್ನು ಪೂರ್ಣಗೊಳಿಸಿ; ಸಮೀಕರಣವನ್ನು ಅಪವರ್ತನಗಳ ಗುಣಲಬ್ಧವಾಗಿ ಕಾಣುವ ದೃಷ್ಟಿಯು 1631ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಗ್ರಂಥದಲ್ಲಿ ದೊರೆಯುತ್ತದೆ. ಇದರಿಂದ ಆಚಾರ್ಯನ ಹಿರಿಮೆಗೆ ಕುಂದೇನೂ ಇಲ್ಲ.

ಅವನದೇ ಇನ್ನೊಂದು ಹಿಂಡನ್ನು ನೋಡಿರಿ: ಐದನೆಯ ಅಂಶದಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ, ಉಳಿದ ಒಂದು ಕಪಿ ಕೊಂಬೆಯ ಮೇಲಿದೆ. ಉತ್ತರ 50 ಮತ್ತು 5. ಎರಡೂ ಧನಸಂಖ್ಯೆಗಳೇ, ಋಣವನ್ನು ಹೊಡೆದುಹಾಕೆಂಬ ಕುರುಡು ನಂಬಿಕೆ ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಆದರೂ ಭಾಸ್ಕರನು ಐದನ್ನು ಬಿಟ್ಟನು. ಏಕೆಂದರೆ ಐದರ ಐದನೆಯ ಅಂಶವಾದ ಒಂದರಲ್ಲಿ ಮೂರನ್ನು ಕಳೆಯಬೇಕಾಗುತ್ತದೆ, ಅಂಥ ಋಣರಾಶಿಯನ್ನು ಲೋಕವು ಒಪ್ಪದು. ಸಮೀಕರಣವಂತೂ ತಪ್ಪಲಿಲ್ಲ: ಋಣ ಎರಡರ ವರ್ಗ ನಾಲ್ಕು, ಒಂದು ಕೂಡಲು ಐದು. ಒಪ್ಪದೆಹೋದದ್ದು ಕಪಿಗಳ ಕಥೆ.