ಒಡೆದ ಕೂರಿಗೆ ಬಟ್ಟಲು

ಆಸ್ಪರಿಯಲ್ಲಿ ಕಟ್ಟಿಗೆ ಒಣಗಿಸೋದು ಒಂದು ವಿದ್ಯೆ ಎಂದರೆ ಯಾರೂ ನಕ್ಕಾರು. ಬೇಸಿಗೆಯಲ್ಲಿ ಇಲ್ಲಿ ಕಟ್ಟಿಗೆಯೇನು, ಮನುಷ್ಯನೇ ಒಣಗುತ್ತಾನೆ! ನಾನೂ ಹಾಗೇ ತಿಳಿದಿದ್ದೆ. ಬದುವಿನ ಕರಿಜಾಲಿ ಗಾಳಿಗೆ ಬಿದ್ದಾಗ ಎತ್ತಿನ ಕೂರಿಗೆಗೆ ಹೊಸ ಬಟ್ಟಲು ಮಾಡಿಸೋಣವೆಂದು ಮೊಳದುದ್ದದ ತುಂಡು ಕೊಯ್ಸಿ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಹತ್ತು ದಿನಕ್ಕೆ ಬೆರಳು ತೂರುವಂಥ ಬಿರುಕು ಬಿಟ್ಟಿತು. ಇರಲಿ ಎಂದು ಅದರಲ್ಲೇ ಬಟ್ಟಲು ಕೆತ್ತಿಸಿದ್ದು ಇನ್ನೊಂದು ತಪ್ಪು. ತೆಲುಗಿನವರು ಜಡ್ಡಿಗಂ ಎನ್ನುವ ಈ ಬಟ್ಟಲಿನಲ್ಲಿ ಬಿರುಕಿದ್ದರೆ ಕಾಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂಗಾರಿ ಕಡಲೆ ಮೊಳೆತಾಗ ನೋಡಿದರೆ ಸಾಲು ಸಾಲೇ ಖಾಲಿ.

ಊರಿನ ಹಿರಿಯ ಬಡಗಿಯೊಬ್ಬರಿಗೆ ತೋರಿಸಿದೆ. ಅವರೇನೂ ಬೈಯಲಿಲ್ಲ. “ಎರೆ ಹೊಲ ಬ್ಯಾಸಿಗ್ಯಾಗ ಯಾಕ ಬಿರೀತೈತಿ ತಮ್ಮಾ? ಮ್ಯಾಲ ಒಣಗಿ ಕುಗ್ತೈತಿ, ಒಳಗ ಹಸಿ ಇರ್ತೈತಿ. ಕಟ್ಟಿಗೀನೂ ಅಷ್ಟ” ಅಂದರು.

ತಜ್ಞರು ಹೇಳುವುದೂ ಇದನ್ನೇ. ಮರದ ನೀರು ಅದರ ಒಣ ತೂಕದ ಶೇಕಡಾ 30ರ ಆಸುಪಾಸಿಗೆ ಇಳಿದ ಮೇಲೆ ಕುಗ್ಗುವಿಕೆ ಶುರು. ಕೊಯ್ದ ತುದಿಗಳಿಂದ ನೀರು ಪಕ್ಕಗಳಿಗಿಂತ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಅದಕ್ಕೇ ಬಿರುಕು ತುದಿಯಲ್ಲೇ ಹುಟ್ಟುವುದು. ಮತ್ತೆ ಬಹಳ ಮರಗಳು ಉಂಗುರದ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಎರಡರಷ್ಟು. ಹೀಗಾಗಿ ದುಂಡನೆ ತುಂಡನ್ನು ಹಾಗೇ ಬಿಟ್ಟರೆ ಒಡೆಯುವುದು ಹೆಚ್ಚುಕಡಿಮೆ ಖಾತ್ರಿ.

ಹಾಗಾಗಿ ಕಡಿದ ದಿನವೇ ತಿರುಳಿನ ಮೇಲೆ ಸೀಳಬೇಕು. ಎರಡೂ ತುದಿಗೆ ಕರಗಿಸಿದ ಮೇಣ ಹಚ್ಚಬೇಕು. ಮನೆಯಲ್ಲಿ ಉಳಿದ ಪೇಂಟಾದರೂ ನಡೆದೀತು. ಬಟ್ಟಲಿಗಾದರೆ ಹಸಿಯಿದ್ದಾಗಲೇ ಒಳಗನ್ನು ಒರಟಾಗಿ ತೋಡಿ, ಗೋಡೆ ದಪ್ಪ ಬಿಟ್ಟು, ಮರದ ಹೊಟ್ಟು ತುಂಬಿದ ಚೀಲದಲ್ಲಿ ಹೂತು ನೆರಳಿಗಿಡಬೇಕು. ಹಲಗೆಗಳಾದರೆ ನಡುವೆ ಬೆರಳು ದಪ್ಪದ ಕಡ್ಡಿ ಇಟ್ಟು ಪೇರಿಸಿ, ಬಿಸಿಗಾಳಿ ಬರುವ ಕಡೆ ಗೋಣಿತಟ್ಟು ಕಟ್ಟಬೇಕು. ಮಳೆನಾಡಿನವರಿಗೆ ಕಟ್ಟಿಗೆ ಒಣಗಲೊಲ್ಲದು ಎಂಬ ಚಿಂತೆ, ನಮಗೆ ಅದರ ಅವಸರ ತಡೆಯುವ ಚಿಂತೆ. ಚನ್ನಪಟ್ಟಣದ ಗೊಂಬೆಯವರೂ ಹಾಲೆಮರವನ್ನು ಒಣಗಿಸಿದ ಮೇಲೆಯೇ ಕಡೆಯುತ್ತಾರೆ.

ಬಡಗಿ ಇನ್ನೊಂದು ಮಾತು ಹೇಳಿದರು: “ಬಳ್ಳಾರಿ ಜಾಲಿ ನೋಡು, ಅದು ಒಡೆಯೋದು ಕಡಿಮಿ.” ನಾವು ಬಳ್ಳಾರಿ ಜಾಲಿ ಅನ್ನುತ್ತೇವೆ, ತೆಲುಗಿನಲ್ಲಿ ಸರ್ಕಾರು ತುಮ್ಮ. ಅದು ಬಳ್ಳಾರಿಯದೂ ಅಲ್ಲ. 1877ರಲ್ಲಿ ಜಮೈಕಾದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದ ಕಡೆ ಬೆಳೆಸಿದ್ದು. ಹೊಲಕ್ಕೆ ಕಾಟ, ಮುಳ್ಳಿಗೆ ಕಾಲು ಕೊಟ್ಟವರಿಗೇ ಗೊತ್ತು. ಆದರೆ ಅದರ ಕೆಚ್ಚು, ಅಂದರೆ ಚೇವ, ಒಣಗುವಾಗ ಕುಗ್ಗುವುದು ಬಹಳ ಕಡಿಮೆ, ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಸಮ. ಹೊರಗಿನ ಬಿಳಿ ಕಟ್ಟಿಗೆಗೆ ಮಾತ್ರ ಹುಳ ಬೀಳುತ್ತದೆ, ಅದನ್ನು ಕೆತ್ತಿ ತೆಗೆಯಬೇಕು. ಇದ್ದಿಲಿಗೆಂದು ಲೋಡುಗಟ್ಟಲೆ ಮಾರುವಾಗ ಸೊಟ್ಟಗಿಲ್ಲದ, ತೊಡೆಗಾತ್ರದ ತುಂಡು ನಾಲ್ಕಾದರೂ ಬೇರೆ ಇಡಿ. ಲಟ್ಟಣಿಗೆ, ಕುಡುಗೋಲಿನ ಹಿಡಿ, ಮಣೆ, ಎಲ್ಲಕ್ಕೂ ಆದೀತು.

ನಾನೂ ಒಂದು ಇಟ್ಟಿದ್ದೇನೆ. ಒಣಗಿತೋ ಇಲ್ಲವೋ ಹೇಳುವುದು ಕಣ್ಣಲ್ಲ, ತಕ್ಕಡಿ. ವಾರಕ್ಕೊಮ್ಮೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ ಗೋಡೆಗೆ ಬರೆಯುತ್ತೇನೆ. ಅಂಗಡಿಯವರು ಮೊದಮೊದಲು ನಗುತ್ತಿದ್ದರು, ಈಗ ತಾವೇ ಲೆಕ್ಕ ಕೇಳುತ್ತಾರೆ. ಮೂರು ವಾರದಿಂದ ತೂಕ ಇಳಿದಿಲ್ಲ. ಬಡಗಿಗೆ ಹೇಳಿಕಳಿಸಿದ್ದೇನೆ, ಹಿಂಗಾರಿಗೆ ಮುಂಚೆ ಬರುತ್ತೇನೆ ಅಂದಿದ್ದಾರೆ.