ತೆರಿಗೆಯ ರಿಯಾಯಿತಿಯೂ ಬೈಕುಲ್ಲಾದ ಖೋಲಿಯೂ

ಬೈಕುಲ್ಲಾದಲ್ಲಿ ನಮ್ಮವರು ಒಬ್ಬರನ್ನೊಬ್ಬರು ಕಂಡಾಗ ಕುಶಲ ಪ್ರಶ್ನೆಯ ಬೆನ್ನಿಗೇ ಬರುವ ಮಾತೊಂದುಂಟು: “ಈಗ ಜಾಗ ಎಲ್ಲಿ?” ಊರಿನಲ್ಲಿ ಜಾಗವೆಂದರೆ ಗದ್ದೆಯೋ ತೋಟವೋ ಆದೀತು, ಮುಂಬಯಿಯಲ್ಲಿ ಅದು ಹತ್ತು ಅಡಿ ಅಗಲದ ಖೋಲಿ. ಇಂಥ ಖೋಲಿಗಳಲ್ಲಿ ಸಂಸಾರ ಹೂಡಿದವರಿಗೆ ಸ್ವಂತ ಮನೆಯಾಗಲೆಂದು ಸರಕಾರವು ತನಗೆ ಬರತಕ್ಕ ತೆರಿಗೆಯನ್ನೇ ಬಿಟ್ಟುಕೊಟ್ಟು ಮನೆ ಕಟ್ಟಿಸುವ ಉಪಾಯವೊಂದನ್ನು ಮಾಡಿತ್ತು. ಅದರ ಫಲ ನಮ್ಮ ಚಾಳುಗಳವರೆಗೆ ಬಾರದ ಕಾರಣವನ್ನು ವಾಚಕರ ಮುಂದಿಡುತ್ತೇನೆ. ದಿನವಿಡೀ ಕಡತ ನೋಡುವ ಕಾರಕೂನನಿಗೆ ಕಾನೂನಿನ ಕಲಮು ಓದುವ ಚಟ ಸಹಜವೇ ತಾನೆ!

2016ರ ಹಣಕಾಸು ಕಾಯಿದೆಯಿಂದ ಆದಾಯ ತೆರಿಗೆಯ ಕಾನೂನಿನಲ್ಲಿ 80-ಐಬಿಎ ಎಂಬ ಕಲಮು ಸೇರಿತು. ಸಣ್ಣ ಮನೆಗಳನ್ನು ಕಟ್ಟುವ ಬಿಲ್ಡರನಿಗೆ ಆ ಕೆಲಸದ ಲಾಭವೆಲ್ಲ ತೆರಿಗೆಯಿಂದ ಮಾಫಿ. 2016ರ ಜೂನ್ 1ರಿಂದ 2022ರ ಮಾರ್ಚ್ 31ರೊಳಗೆ ಮಂಜೂರಾದ ಯೋಜನೆಗಳಿಗೆ ಇದು ಅನ್ವಯಿಸುತ್ತಿತ್ತು. ಮುಂಬಯಿ ನಗರದಲ್ಲಿ ಮೊದಲು ಮನೆಯ ಅಳತೆ 30 ಚದರ ಮೀಟರ್ ಮೀರಬಾರದಿತ್ತು. 2019ರ ಸೆಪ್ಟೆಂಬರ್ 1ರಿಂದ ಮಂಜೂರಾದವುಗಳಿಗೆ ಅದು 60 ಚದರ ಮೀಟರ್ ಆಯಿತು. ಜೊತೆಗೆ ಬೆಲೆ 45 ಲಕ್ಷ ರೂಪಾಯಿ ದಾಟಕೂಡದೆಂಬ ಕಟ್ಟೂ ಬಂತು.

ಲೆಕ್ಕ ಹಾಕಿ ನೋಡೋಣ. 60 ಚದರ ಮೀಟರೆಂದರೆ ಸುಮಾರು 645 ಚದರ ಅಡಿ. 45 ಲಕ್ಷವನ್ನು ಅದರಿಂದ ಭಾಗಿಸಿದರೆ ಅಡಿಗೆ ಏಳು ಸಾವಿರಕ್ಕೂ ತುಸು ಕಡಿಮೆ. ಆ ದರದಲ್ಲಿ ಬೈಕುಲ್ಲಾದಲ್ಲಿ ಹೊಸ ಮನೆಯನ್ನು ಯಾರು ಮಾರಿಯಾರು? ಅಂಥ ಮನೆ ಬೇಕಿದ್ದವರು ಬದ್ಲಾಪುರದ ಕಡೆಗೆ, 60 ಕಿಲೋಮೀಟರಿಗೂ ಮಿಕ್ಕಿ ದೂರಕ್ಕೆ, ಹೋಗಬೇಕು. ಬೆಳಗ್ಗೆ ಐದಕ್ಕೆ ಹೋಟೆಲಿನ ಬಾಗಿಲು ತೆರೆಯಬೇಕಾದವನಿಗೆ ಆ ಮನೆ ಮಲಗಲಿಕ್ಕಾದರೂ ಒದಗೀತೆ?

ಊರ ಕಡೆಯ ಬೆಳೆಯುತ್ತಿರುವ ಪಟ್ಟಣಗಳ ಮಾತು ಬೇರೆ. ಹುಬ್ಬಳ್ಳಿ, ಉಡುಪಿಯಂಥ ಕಡೆ ಅಳತೆಯ ಮಿತಿ 90 ಚದರ ಮೀಟರ್. ಬೆಲೆಯ ಮಿತಿ ಅದೇ 45 ಲಕ್ಷ. ಕಾನೂನು ಹೊಂದಿದ್ದು ಅಂಥ ಊರಿಗೆ.

ನನಗೆ ಕಾಣುವ ದೊಡ್ಡ ಕೊರತೆ ಇನ್ನೊಂದು. ಮನೆಯ ಅಳತೆ ಕೇಳಿದ ಕಲಮು ಕೊಳ್ಳುವವನ ಸಂಪಾದನೆಯನ್ನು ಕೇಳಲಿಲ್ಲ. ಅಮೆರಿಕೆಯಲ್ಲಿ 1986ರ ತೆರಿಗೆ ಕಾಯಿದೆ ಇಂಥದೇ ಉಪಾಯ ಹೂಡಿತು. ಅಲ್ಲಿ ಬಿಲ್ಡರನು ತನಗೆ ಹತ್ತು ವರ್ಷ ಸಿಗುವ ತೆರಿಗೆ ವಿನಾಯಿತಿಯನ್ನು ಬ್ಯಾಂಕು ಮುಂತಾದವರಿಗೆ ಒಪ್ಪಿಸಿ ಬಂಡವಾಳ ಎತ್ತುತ್ತಾನೆ. ಆದರೆ ಮನೆ ಬಾಡಿಗೆಗೇ ಇರಬೇಕು, ಒಕ್ಕಲಿನ ಆದಾಯಕ್ಕೂ ಬಾಡಿಗೆಗೂ ಮಿತಿ ಇರಬೇಕು. ನಮ್ಮಲ್ಲಿ ಆದಾಯ ನೋಡಿ ಮನೆ ಹಂಚುವುದು ಮ್ಹಾಡಾದ ಲಾಟರಿ. ಅರ್ಜಿ ಹಾಕುವವರು ಮಹಾರಾಷ್ಟ್ರದ ನಿವಾಸ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಹಾಗಾದರೆ ಬೈಕುಲ್ಲಾದಲ್ಲೇ ಉಳಿಯುವ ದಾರಿ? ಅದೂ ಒಂದು ತೆರಿಗೆಯಿಂದಲೇ ಹುಟ್ಟಿದ್ದು. ಹಳೆಯ ಕಟ್ಟಡಗಳು ಕುಸಿಯುತ್ತಿದ್ದುದನ್ನು ಕಂಡು 1969ರಲ್ಲಿ ದುರಸ್ತಿಯ ಕಾಯಿದೆ ಬಂತು. ಆಸ್ತಿ ತೆರಿಗೆಯ ಜೊತೆ ‘ಸೆಸ್’ ಎಂಬ ಉಪಕರವನ್ನು ವಸೂಲು ಮಾಡಿ ಆ ಹಣದಿಂದ ದುರಸ್ತಿ ಮಾಡಿಸುವ ಮಂಡಳಿಯೂ ಏರ್ಪಟ್ಟಿತು. ಆಗ ದ್ವೀಪನಗರದಲ್ಲಿ ಇಂಥ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗಿಂತ ಹಿಂದಿನವು. ಸೆಸ್ ಕಟ್ಟಡವನ್ನು ಕೆಡವಿ 33(7)ನೆಯ ನಿಯಮದಂತೆ ಹೊಸದು ಕಟ್ಟಿದರೆ ಹಳೆಯ ಅರ್ಹ ಬಾಡಿಗೆಗಾರನಿಗೆ ಕಡಿಮೆಯೆಂದರೂ 27.88 ಚದರ ಮೀಟರ್, ಅಂದರೆ 300 ಚದರ ಅಡಿಯ ಮನೆ ಪುಕ್ಕಟೆ ಸಿಗಬೇಕು.

ಅರ್ಹ ಎಂಬ ಮಾತನ್ನು ಗಮನಿಸಬೇಕು. 1996ರ ಜೂನ್ 13ರ ಬಳಿಕ ಒಂದು ಖೋಲಿಯನ್ನು ಎರಡಾಗಿ ತೋರಿಸಿ ಹುಟ್ಟಿಸಿದ ಹೊಸ ಬಾಡಿಗೆಗಾರಿಕೆ ಲೆಕ್ಕಕ್ಕಿಲ್ಲ. ನಮ್ಮವರ ಎಷ್ಟೋ ಖೋಲಿಗಳ ಬಾಡಿಗೆ ಪಾವತಿ ಊರಿಗೆ ಹೋಗಿ ನೆಲಸಿದ ದೊಡ್ಡಪ್ಪನ ಹೆಸರಿನಲ್ಲೋ ಸೋದರಮಾವನ ಹೆಸರಿನಲ್ಲೋ ಇರುತ್ತದೆ, ಇರುವವನು ಅಳಿಯ. ಬಿಲ್ಡರನ ಪಟ್ಟಿಯಲ್ಲಿ ಹೆಸರು ಮಾವನದು! ಮಾವ ಬದುಕಿರುವಾಗಲೇ ಮಾಲೀಕನ ಒಪ್ಪಿಗೆ ಪಡೆದು ಪಾವತಿಯ ಹೆಸರು ಬದಲಾಯಿಸಿಕೊಳ್ಳಿರಿ. ಪಗಡಿ ಕೊಡುವುದು 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಬಾಡಿಗೆ ಕಾನೂನಿನಲ್ಲಿ ಅಪರಾಧವಲ್ಲ. ಕೊಟ್ಟ ಹಣಕ್ಕೆ ರಸೀದಿ ಕೇಳಲು ನಾಚಬೇಕಾಗಿಲ್ಲ.